ನಿನ್ನೆಯ ನೀರು

ಫಜರ್ ನಮಾಜು ಮುಗಿದು ಬೀದಿದೀಪ ಆರುವುದರೊಳಗೆ
ಅಜ್ಮಾನಿನ ಮರಳಿಗೆ ನಮ್ಮ ಪಿಕಪ್ ಇಳಿಯುತ್ತದೆ.
ಗುಲ್ ಜಮೀನ್ ಎ.ಸಿ. ಆರಿಸುತ್ತಾನೆ, ಕಿಟಕಿ ಇಳಿಸುತ್ತಾನೆ,
ಮೂಗಿನಿಂದಲೇ ಮೊದಲ ವರದಿ ಕೊಡುತ್ತಾನೆ:
ಇವತ್ತು ಸರಿಯಿಲ್ಲ, ಮೇಡಂ.
ಮೂಗಿಗೆ ನಮ್ಮ ಫಾರಮ್ಮಿನಲ್ಲಿ ಕಾಲಮ್ಮಿಲ್ಲ.

ಒಂಬತ್ತು ಕಂಬ, ಒಂಬತ್ತು ಬಾಟಲಿ.
ಸೊಂಟದವರೆಗಿನ ರಬ್ಬರು ತೊಟ್ಟು
ಅಲೆಗೆ ಎದುರಾಗಿ ನಿಲ್ಲುತ್ತೇನೆ.
ಮುಚ್ಚಳದ ಒಳಮೈಗೆ ಬೆರಳು ತಾಗಬಾರದು,
ಬಾಯಿ ಕೆಳಗೆ ಮಾಡಿ ಮುಳುಗಿಸಬೇಕು,
ಮೊಳದಾಳದಲ್ಲಿ ಮೆಲ್ಲಗೆ ಹೊರಳಿಸಬೇಕು,
ಪೂರ್ತಿ ತುಂಬಿಸಬಾರದು, ಕುಲುಕಲಿಕ್ಕೆಂದು
ಬೆರಳಗಲ ಗಾಳಿ ಬಿಡಬೇಕು.
ಕಡಲಿಗೂ ಉಸಿರಾಡಲು ಒಂಚೂರು ಜಾಗ
ಎಂದುಕೊಂಡದ್ದುಂಟು, ಮೊದಲ ವರ್ಷ.
ಈಗ ಏನೂ ಅಂದುಕೊಳ್ಳುವುದಿಲ್ಲ. ಲೇಬಲ್ ಬರೆಯುತ್ತೇನೆ.

ಗಂಗೊಳ್ಳಿಯ ದಡದಲ್ಲಿ ಮೀನುಬುಟ್ಟಿ ತೊಳೆಯುತ್ತ ಅಮ್ಮ
ಹರಿವ ನೀರಿಗೆ ಮೈಲಿಗೆಯಿಲ್ಲ ಎನ್ನುತ್ತಿದ್ದಳು.
ಅವಳನ್ನು ಬಾವಿಕಟ್ಟೆ ಹತ್ತಗೊಡದ ಮನೆಯವರದೇ ಆ ಮಾತು;
ಅದನ್ನೂ ಬುಟ್ಟಿಯಲ್ಲಿ ಹೊತ್ತು ತಂದಿದ್ದಳು.
ಅದೇ ಮಾತನ್ನು ಇಲ್ಲಿ
ನೂರು ಮಿಲಿಲೀಟರಿಗೆ ಎಷ್ಟು ಎಂದು ಎಣಿಸಿ
ಸಂಬಳ ತೆಗೆದುಕೊಳ್ಳುತ್ತೇನೆ.

ಪುಡಿ ಬೆರೆಸಿ, ಐವತ್ತೊಂದು ಗುಳಿಯ ತಟ್ಟೆಗೆ ಹೊಯ್ದು,
ಬೆಚ್ಚನೆ ಪೆಟ್ಟಿಗೆಯೊಳಗೆ ಒಂದು ಹಗಲು ಒಂದು ರಾತ್ರಿ
ಹೇಂಟೆ ಮೊಟ್ಟೆಗೆ ಕೊಟ್ಟ ಹಾಗೆ ಕಾವು ಕೊಡುತ್ತೇವೆ.
ಮರುದಿನ ಕತ್ತಲೆ ಕೋಣೆ, ನೇರಳೆ ದೀಪ.
ಹೊಳೆದ ಗುಳಿ ಎಷ್ಟೋ ಹೊಲಸು ಅಷ್ಟು.
ಇಷ್ಟು ಚೆಂದದ ನೀಲಿಯಾಗಬಾರದಿತ್ತು ಅದು.

ಏಳನೆಯ ಕಂಬ ಮಳೆಮೋರಿಯ ಬಾಯಿಗೆ ಹತ್ತಿರ.
ಛತ್ರಿಯಿಲ್ಲ, ಕುರ್ಚಿಯಿಲ್ಲ, ಬಾಡಿಗೆಯಿಲ್ಲ.
ಶುಕ್ರವಾರ ಕ್ಯಾಂಪಿನ ಬಸ್ಸು ನಿಲ್ಲುವುದೇ ಅಲ್ಲಿ.
ಆರು ದಿನದ ಸಿಮೆಂಟನ್ನು ಹೊತ್ತ ಮೈಗಳು
ಚೆಡ್ಡಿಯಲ್ಲಿ, ಲುಂಗಿಯಲ್ಲಿ, ಒಬ್ಬ ಹೆಲ್ಮೆಟ್ಟಿನಲ್ಲೇ
ಹೋ ಎಂದು ಓಡಿ ಬೀಳುತ್ತವೆ.
ಆ ಶುಕ್ರವಾರವೂ ಬಿದ್ದವು, ನನ್ನೆದುರೇ,
ನನ್ನ ಕೈಯಲ್ಲಿ ಏಳನೆಯ ಬಾಟಲಿ.

ಶನಿವಾರ ಐವತ್ತೊಂದರಲ್ಲಿ ಐವತ್ತೊಂದೂ ಹೊಳೆದವು.
ಫೋನು ಮಾಡಿದೆ. ಲೈಫ್‌ಗಾರ್ಡ್ ರುವಾನ್
ಖಾಲಿ ದಡದಲ್ಲಿ ಕೆಂಪು ಬಾವುಟ ನೆಟ್ಟ.
ಸೀಗಲ್ಲುಗಳು ಪಾಲಿಸಿದವೋ ಇಲ್ಲವೋ.

ಮುಂದಿನ ಶುಕ್ರವಾರ ಮತ್ತೆ ಅದೇ ಕಿಟಕಿ, ಅದೇ ಮೂಗು:
ಸರಿಯಿಲ್ಲ, ಮೇಡಂ.
ಬಾವುಟ ನಾನೇ ನೆಟ್ಟೆ.
ಆಧಾರವೇನು ಎಂದು ಆಫೀಸು ಕೇಳಿತು.
ವಾಸನೆ, ಎಂದು ಬರೆದು ಸಹಿ ಹಾಕಿದೆ.

ಬಸ್ಸು ಬಂತು. ಅವರು ಒಣ ಮರಳಲ್ಲಿ
ಪ್ಯಾಂಟು ಮಡಚಿ ಕೂತರು, ಪಾರ್ಲೆ ಪೊಟ್ಟಣ ಬಿಚ್ಚಿದರು.
ಸೋಪು ಒದ್ದೆಯಾಗದೆ ವಾಪಸು ಹೋಯಿತು.

ಶನಿವಾರ ಹದಿಮೂರು ಗುಳಿ ಮಾತ್ರ ಹೊಳೆದವು.
ಮೀಯಲಿಕ್ಕೆ ಏನೂ ಅಡ್ಡಿಯಿರಲಿಲ್ಲ.
ಆ ವಾರವಿಡೀ ಅನ್ನ ಕಲಸುವಾಗ
ಆ ಒಣ ಸೋಪು ನೆನಪಾಗುತ್ತಿತ್ತು.
ಗುಲ್ ಜಮೀನ್ ಮೂರು ದಿನ ಕಿಟಕಿ ಇಳಿಸಲಿಲ್ಲ.

ಯಾರಿಗೆ ಹೇಳಲಿ,
ನನಗೆ ಗೊತ್ತಿರುವುದು ನಿನ್ನೆಯ ಕಡಲು ಮಾತ್ರ.
ಅದು ಆಗಲೇ ಹೊರ್ಮುಜ್ ಕಡೆ ಹೊರಟಿರುತ್ತದೆ,
ನನ್ನ ವರದಿ ಅದರ ಹಿಂದೆ ಚಪ್ಪಲಿ ಕೈಲಿ ಹಿಡಿದು ಓಡುತ್ತದೆ.

ಇವತ್ತು ಬಸ್ಸು ಬೇಗ ಬಂದಿದೆ.
ಕರೀಂನಗರದ ಮಲ್ಲೇಶಂ ಹೆಗಲ ಮೇಲೆ ಟವೆಲು ಹಾಕಿಕೊಂಡು
ನೀರಂಚಿಗೆ ಬಂದು ನಿಂತಿದ್ದಾನೆ.
ನೀರು ಹೇಗಿದೆ ಅಕ್ಕಾ?
ನಾಳೆ ಹೇಳುತ್ತೇನೆ, ಅಂದೆ.
ಅವನು ನಕ್ಕ:
ನೀನೇ ಅದರಲ್ಲಿ ನಿಂತಿದ್ದೀಯಲ್ಲ, ಅಷ್ಟು ಸಾಕು.

ಧುಮುಕಿದ.
ಹನಿ ನನ್ನ ತುಟಿಗೆ ಹಾರಿತು, ಉಪ್ಪು.
ಏಳನೆಯ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದೆ.
ನನ್ನ ಕಾಲಿಗೆ, ಸೊಂಟದವರೆಗೂ, ರಬ್ಬರು.