ಊಟ, ಊತ

ಸಲ್ಮಾನಿಯಾ ಆಸ್ಪತ್ರೆಯ ಸ್ಕ್ಯಾನಿನ ಕೋಣೆಯಲ್ಲಿ
ತಣ್ಣನೆಯ ಜೆಲ್ ಹಚ್ಚಿ ಆಕೆ
ನನ್ನ ಪಕ್ಕೆಯಲ್ಲಿ ಏನನ್ನೋ ಹುಡುಕಿದಳು.
ಕಪ್ಪು ಪರದೆಯ ಮೇಲೆ ಗುಳ್ಳೆ, ಗುಳ್ಳೆಗೆ ಒತ್ತಿ ಗುಳ್ಳೆ,
ಗಂಜಿ ಉಕ್ಕುವ ಮುಂಚೆ ಬರುತ್ತವಲ್ಲ, ಹಾಗೆ.
ನಲವತ್ತು ಜನರಿಗೆ ಬೇಯಿಸಿ ಹಾಕುವವನಿಗೆ
ಕುದಿ ಎಂದರೇನೆಂದು ಹೇಳಿಕೊಡಬೇಕಿಲ್ಲ.

ಡಾಕ್ಟರು ಪುತ್ತೂರಿನ ಕಡೆಯವರು, ಕನ್ನಡದಲ್ಲೇ ಹೇಳಿದರು:
"ತಂದೆಯಿಂದ ಬಂದದ್ದು. ಒಳಗೆ ಉರಿಯೂತವೂ ಇದೆ."
ನನಗೆ ಉರಿಯೂಟ ಎಂದು ಕೇಳಿಸಿತು.
ಹೌದು ಸಾರ್, ಎಂದೆ, ಮಲ್ಪೆಯವರು ನಾವು, ಖಾರ ಜಾಸ್ತಿಯೇ.
ಅವರು ನಗಲಿಲ್ಲ. ಚೀಟಿಯ ಹಿಂದೆ ಬರೆದು ತೋರಿಸಿದರು:
ಟ ಅಲ್ಲ, ತ.

ಆ ಒಂದಕ್ಷರವನ್ನು ಜೇಬಿಗೆ ಹಾಕಿಕೊಂಡು
ಸಲ್ಮಾಬಾದಿನ ಬಸ್ಸು ಹತ್ತಿದೆ.

ಅಪ್ಪನ ಹೊಟ್ಟೆಯೂ ಹೀಗೇ ಉಬ್ಬಿತ್ತು.
ದಕ್ಕೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಕುಡಿತ.
ತೊಟ್ಟು ಮುಟ್ಟದ ಮನುಷ್ಯ
ಕೊನೆಕೊನೆಗೆ ಅಲ್ಲವೆನ್ನುವುದನ್ನೂ ಬಿಟ್ಟ.
ರಾತ್ರಿ ಗಂಜಿಗೆ ಸುಟ್ಟ ಒಣಮೀನು ಮುರಿಯುತ್ತ
ಉಪ್ಪು ತಿಂದವನು ನೀರು ಕುಡಿಯಲೇಬೇಕು
ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.
ಉಪ್ಪು ತಿಂದವನು ಅವನು.
ನೀರು ಕುಡಿಯುವವನು ನಾನು, ದಿನಕ್ಕೆ ಮೂರು ಲೀಟರ್.

"ಊಟದಿಂದ ಬಂದ ರೋಗವಲ್ಲ ವಾಮನ,
ಊಟದಿಂದ ಹೋಗುವುದೂ ಇಲ್ಲ.
ಆದರೆ ಉರಿ ಸಣ್ಣದಾಗಬಹುದು.
ಆಗಬಹುದು ಎಂದೆ, ಆಗುತ್ತದೆ ಎನ್ನಲಿಲ್ಲ.
ಇಲಿಗಳಿಗೆ ತಿನಿಸು ಕಡಿಮೆ ಮಾಡಿ ನೋಡಿದ್ದಾರೆ,
ಗುಳ್ಳೆ ಬೆಳೆಯುವುದು ನಿಧಾನವಾಯಿತಂತೆ.
ಮನುಷ್ಯರದ್ದು ಇನ್ನೂ ಲೆಕ್ಕ ನಡೆದಿದೆ."

ಲೆಕ್ಕ ಮುಗಿಯುವವರೆಗೆ ಕಾಯಲು
ಅಡುಗೆಯವನಿಗೆ ಪುರುಸೊತ್ತೆಲ್ಲಿ?
ದೊಡ್ಡ ಹಂಡೆಗೆ ಉಪ್ಪು ಬೀಳುವ ಮುಂಚೆ
ಎರಡು ಸೌಟು ಬೇಳೆ ಬದಿಗೆ ತೆಗೆಯುತ್ತೇನೆ.
ಶುಕ್ರವಾರದ ಮಾಂಸ ನನ್ನ ತಟ್ಟೆಗೆ ಬರುವುದಿಲ್ಲ,
ಸೋರೆಕಾಯಿ ಬರುತ್ತದೆ.
ಉಪ್ಪು ನೋಡಲು ಈಗ ದಿಲ್ ಬಹಾದೂರನನ್ನು ಕೂಗುತ್ತೇನೆ.
"ಆ ಚಿಕ್ಕ ಪಾತ್ರೆ ಯಾರಿಗೆ? ಬೆಕ್ಕಿಗಾ?"
ಕ್ರೇನಿನ ಗುಲ್ ನವಾಜ್ ಕೇಳಿದ.
ಹೌದು, ಬೆಕ್ಕಿಗೆ.
ಆಮೇಲಿನಿಂದ ಪಾತ್ರೆಯ ಪಕ್ಕ
ಅವನು ದಿನವೂ ಅರ್ಧ ನಿಂಬೆಹಣ್ಣು ಇಟ್ಟುಹೋಗುತ್ತಾನೆ.
ಬೆಕ್ಕು ನಿಂಬೆ ತಿನ್ನುತ್ತದೆಯೇ ಎಂದು ನಾನು ಕೇಳಿಲ್ಲ.

ಬಹ್ರೈನ್ ಎಂದರೆ ಎರಡು ಸಮುದ್ರ,
ಎಂದರು ಮುಹರ್ರಕ್ಕಿನ ಮೀನಂಗಡಿಯ ಹಾಜಿ ಮೆಹದಿ.
ಉಪ್ಪುನೀರಿನ ತಳದಲ್ಲಿ ಸಿಹಿನೀರಿನ ಒರತೆಗಳಿದ್ದವಂತೆ,
ಮುತ್ತಿಗೆ ಮುಳುಗುವವರು ತೊಗಲಚೀಲ ಹಿಡಿದು ಇಳಿದು
ಕುಡಿಯುವ ನೀರು ತುಂಬಿಕೊಂಡು ಮೇಲೆ ಬರುತ್ತಿದ್ದರಂತೆ.
"ಈಗ?" ಎಂದೆ.
ಮೀನಿನ ಕಿವಿರು ಕೀಳುತ್ತಲೇ ತಲೆಯಾಡಿಸಿದರು.
ಗೊತ್ತಿಲ್ಲದೆಯೇ ನನ್ನೆರಡು ಕೈ
ಸೊಂಟದ ಎರಡು ಬದಿಗೆ ಹೋಗಿದ್ದವು.

ರಾತ್ರಿ ನಿಶ್ಮಿತಾಳ ವಿಡಿಯೊ ಕಾಲ್.
ಮಗಳಿಗೆ ಈಗ ಹತ್ತೊಂಬತ್ತು.
ಅವಳಿಗೂ ಬಂದಿರಬಹುದು, ಬರದೆಯೂ ಇರಬಹುದು,
ನಾಣ್ಯ ಚಿಮ್ಮಿದ ಹಾಗೆ, ಎಂದಿದ್ದರು ಡಾಕ್ಟರು.
ಚಿಮ್ಮಿದ್ದು ನಾನು. ಅದಿನ್ನೂ ನೆಲಕ್ಕೆ ಬಿದ್ದಿಲ್ಲ.
"ಊಟ ಆಯ್ತಾ ಅಪ್ಪ?"
ಆಯ್ತು.
ಅವಳ ತಟ್ಟೆಯಲ್ಲಿ ಕುಚ್ಚಲಕ್ಕಿ ಅನ್ನ, ಒಣಸಿಗಡಿ ಚಟ್ನಿ,
ಹಪ್ಪಳ ಮುರಿದ ಸದ್ದು ಸಮುದ್ರ ದಾಟಿ ಕೇಳಿಸಿತು.
ಇನ್ನೊಂದಕ್ಕೆ ಕೈ ಚಾಚಿದಳು. ನಾನು ಬಾಯಿ ತೆರೆದೆ.
"ಏನಪ್ಪ?"

ಏನಿಲ್ಲ. ನೀರು ಕುಡಿ, ಎಂದೆ.