ಮನ್ಯಾಗ ಅರ್ಥ್ ಅದ ಏನ್ರಿ

ಏಪ್ರಿಲ್ ಸಂಜಿ ಏಳಕ್ಕ ಸ್ಟೆಬಿಲೈಜರಿನ ಮುಳ್ಳು
ನೂರಾ ಅರವತ್ತಕ್ಕ ಮಲಗಿರ್ತದ.
ಬಾಜೂ ಹಿಟ್ಟಿನ ಗಿರಣಿ ಬಂದ್ ಆದ್ರ
ಟಕ್ ಅಂತ ಎದ್ದು ಕೂಡ್ತದ.
ರಾತ್ರಿ ಎರಡಕ್ಕ, ಮಂದಿ ಮಾಳಿಗಿ ಮ್ಯಾಲ ಮಲಗಿದಾಗ,
ಇನ್ನೂರಾ ಅರವತ್ತು;
ಯಾರಿಗೂ ಬ್ಯಾಡಾದ ಕರೆಂಟು
ಬ್ರಹ್ಮಪೂರದ ಓಣಿ ತುಂಬ ತಿರಗತದ.

ಇಂಥದರಾಗ ನನ್ನ ಹಳೇ ಆಂಪ್ಲಿಫೈಯರ್.
ದಾಲ್ ಮಿಲ್ಲಿನ ಎರಡು ವರ್ಷದ ಬೋನಸ್ಸು ಕೊಟ್ಟು
ಸೇಡಂ ವಕೀಲರೊಬ್ಬರ ಕಡಿಂದ ತಂದದ್ದು.
ಸ್ಪೀಕರು ಎರಡು. ಶಹಾಬಾದ್ ಫರ್ಸಿ ಕಡಿಸಿ
ಅದರ ಮ್ಯಾಲ ಕೂಡಿಸೀನಿ, ದೇವರ ಹಂಗ ಅಲ್ಲ,
ಬೀಗರ ಹಂಗ: ಹೆಚ್ಚು ಮುಟ್ಟಬಾರದು.

ನೀಲಗಂಗಾ ತಂದದ್ದು ಐದು ಸ್ಪೀಕರಿನ ಹೋಮ್ ಥಿಯೇಟರ್.
ತನ್ನ ಚೀಟಿ ರೊಕ್ಕ, ತನ್ನ ಸಿನಿಮಾ.
ಹೆಲಿಕಾಪ್ಟರ್ ದೇವರ ಖೋಲಿ ಕಡಿಂದ ಬಂದು
ಅಡಿಗಿ ಮನಿ ಮ್ಯಾಲ ಹಾಯಬೇಕು ಆಕಿಗೆ.
ಪಡಸಾಲಿ ಒಂದೇ. ಹನ್ನೊಂದು ಫೂಟು.
ಏಳು ಡಬ್ಬಿ, ಇಬ್ಬರು ಮಂದಿ.

"ಮುಂದಿನ ಎರಡು ನಿಮ್ಮವೇ ಇರ್ಲಿ ತಗೋರಿ"
ಅಂದ್ಲು ಒಂದಿನ, ನಾ ಕೇಳಲಾರದನೇ.
ತನ್ನವು ಎರಡು ಬಿಚ್ಚಿ ಪೆಟಿಗ್ಯಾಗ ಇಟ್ಲು.
ಆಕಿ ಮಷಿನ್ನಿನ ಬೆನ್ನಿಂದ ನನ್ನ ಮಷಿನ್ನಿನ ಬೆನ್ನಿಗೆ
ವಯರ್ ಎಳದೆ.
ನನ್ನ ವಾಲ್ಯೂಮ್ ಎಲ್ಲಿಗೆ ನಿಂದರಬೇಕು ಅಂತ
ಆಕಿನೇ ಉಗುರುಬಣ್ಣದ ಕೆಂಪು ಚುಕ್ಕಿ ಹಚ್ಚಿದ್ಲು.

ಆವಾಗ ಸುರು ಆತು ಗುಂಯ್ ಅನ್ನೂದು.
ಬ್ಯಾರೆ ಬ್ಯಾರೆ ಇದ್ದಾಗ ಎರಡೂ ಸುಮ್ಮನಿದ್ದವು.
ಈಗ, ಮುನಿಸಿಕೊಂಡು ಬಾಯಿ ಮುಚ್ಚಿದವರ
ಮೂಗಿನ ಸಪ್ಪಳಧಂಗ, ಇಪ್ಪತ್ನಾಕು ತಾಸು.
ಸಿನಿಮಾದಾಗ ಹೆಣದ ಮುಂದ ಕುಂತವರು ಸುಮ್ಮನಾದ್ರ ಗುಂಯ್.
ಸಾರಂಗಿ ಸುರು ಆಗೂಕಿಂತ ಮೊದಲು ಗುಂಯ್.

ಸ್ಟೇಷನ್ ಬಜಾರದಾಗ ತೋರಿಸಿದ್ರು ಒಂದು ಕರಿ ಡಬ್ಬಿ,
ಕರೆಂಟು ಸೋಸತದಂತ. ಇಪ್ಪತ್ತೆರಡು ಸಾವಿರ.
"ಚಾ ಸೋಸಲಿಕ್ಕ ನಾವು ಅರಬಿ ಹಿಡಿತೀವಿ" ಅಂದ್ಲು ನೀಲಗಂಗಾ,
ಎದ್ದು ಬಂದ್ವಿ.

ಲಾಡ್ಲೇಸಾಬ ಬಂದ.
ಟ್ರಾನ್ಸ್‌ಫಾರ್ಮರ್ ಸುತ್ತಿ ಸುತ್ತಿ
ಬೆರಳ ತುದಿ ತಾಮ್ರದ ಬಣ್ಣ ಆದಾಂವ.
ಸ್ಪೀಕರಿಗೆ ಕಿವಿ ಸುದ್ದಾ ಹಚ್ಚಲಿಲ್ಲ.
ಪ್ಲಗ್ ನೋಡಿದ. ಒಂದು ಪಡಸಾಲಿ ಬೋರ್ಡಿಗೆ,
ಒಂದು ಒಳಗಿನ ಖೋಲಿಯಿಂದ ಎಳಕೊಂಡದ್ದು.
"ಮನ್ಯಾಗ ಅರ್ಥ್ ಅದ ಏನ್ರಿ?"
ನಾ ನೀಲಗಂಗಾನ ಮಾರಿ ನೋಡಿದೆ.
ಆಕಿ ನನ್ನ ಮಾರಿ.

ಹಿತ್ತಲದಾಗ, ಒಗಿಯೂ ಕಲ್ಲಿನ ಬುಡಕ ಸಿಕ್ತು ಗುಂಡಿ.
ಮನಿ ಕಟ್ಟಿದ ವರ್ಷ ಇದ್ದಲಿ ಉಪ್ಪು ತುಂಬಿ ಮುಚ್ಚಿದ್ದು,
ಆಮ್ಯಾಲ ಯಾರೂ ನೆನಸಿಲ್ಲ.
ಕಟದ ರೊಟ್ಟಿ ಹಂಗ ಬಿರದಿತ್ತು ಮಣ್ಣು.
"ನೀರು ಕುಡಿಸ್ರಿ ಇದಕ್ಕ. ಎರಡೂ ಪ್ಲಗ್ ಒಂದೇ ಬೋರ್ಡಿಗೆ ಹಾಕ್ರಿ.
ನೂರಾ ಐವತ್ತು ಕೊಡ್ರಿ. ಚಾ ಬ್ಯಾಡ, ಸೆಕಿ ಭಾಳ ಅದ."

ಎರಡು ಕೊಡ ಹಾಕಿದ್ವಿ. ಗಟಗಟ ಕುಡೀತು.

ಒಳಗ ಬಂದ್ರ ಏನೂ ಇಲ್ಲ.
ಹಾಡೂಕಿ ಉಗುಳು ನುಂಗಿದ್ದು ಕೇಳಿಸ್ತು, ಹಾಡಿಗಿಂತ ಮೊದಲು.
ಆಕಿ ಸಿನಿಮಾದಾಗ ಯಾರೋ ಒಣ ಎಲಿ ತುಳದ್ರು,
ನೀಲಗಂಗಾ ಖರೇನೇ ಹೊಳ್ಳಿ ನೋಡಿದ್ಲು.
ಆಮ್ಯಾಲ ತಿಳೀತು, ಫ್ಯಾನು ಎಷ್ಟು ಗದ್ದಲ ಮಾಡ್ತದಂತ.
ಬಂದ್ ಮಾಡಿದ್ವಿ. ನಲವತ್ಮೂರು ಡಿಗ್ರಿ.
ಬೆವತು ಬೆವತು ಕೇಳಿದ್ವಿ ಇಬ್ಬರೂ.

ಒಂದು ರಾತ್ರಿ ನಾ ಚುಕ್ಕಿ ದಾಟಿಸಿ ಮರತೆ.
ಮರುದಿನ ಆಕಿ ಸಿನಿಮಾದ ಬಾಂಬಿಗೆ
ಗಿರಣಿಯವರ ತೊಟ್ಟಿಲ ಕೂಸು ಚಿಟ್ಟನೆ ಚೀರಿತು.
ಈಗ ಎರಡು ಚುಕ್ಕಿ ಅವ. ಹಸರದು ನಂದು.

ಗುಂಡಿಗೆ ನೀರು ಯಾರು ಹಾಕಬೇಕು
ಅನ್ನೂದು ಇನ್ನೂ ಬಗಿಹರಿದಿಲ್ಲ.
ನಳ ಬರೂದು ನಾಕು ದಿನಕ್ಕೊಮ್ಮೆ.
ಬ್ಯಾಳಿ ತೊಳದ ನೀರೇ ಹಾಕ್ತೀವಿ, ಯಾರ ಕೈಯಾಗ ಇರ್ತದೋ ಅವರು.
ಅದು ಏನೂ ಅನ್ನೂದಿಲ್ಲ.