ನೂರೈವತ್ತು ಪದ

ಜಾಗ ಇದ್ದದ್ದೇ ಅಷ್ಟು.
ಐದನೇ ಪುಟದ ಕೆಳಗೆ, ಬೋರ್‌ವೆಲ್ ಲಾರಿಯ ಜಾಹೀರಾತಿಗೂ
ಯಾರದೋ ಕೈಲಾಸ ಸಮಾರಾಧನೆಯ ಫೋಟೋಕ್ಕೂ ನಡುವೆ
ನೂರೈವತ್ತು ಪದ.
"ಹಾಡಿನ ಸುದ್ದಿ ಅಲ್ವಾ, ಸಾಕು" ಅಂದರು
ಡೆಸ್ಕಿನ ಷಡಕ್ಷರಿ, ಕನ್ನಡಕ ಹಣೆಗೇರಿಸಿ.

ಬರೆದೆ: ಭದ್ರಾವತಿಯ 'ನಾಕನೇ ಗೇಟು' ತಂಡ
ಭಾನುವಾರ ಸಂಜೆ ಟ್ರಾಕ್ಟರ್ ರಿಪೇರಿ ಶೆಡ್ಡಿನಲ್ಲಿ
ಒಂದೂವರೆ ತಾಸು ಹಾಡಿತು. ಜನಪದಕ್ಕೆ ಹೊಸ
ಕಸುವು ಅಂತ ಬರೆದು ಹೊಡೆದೆ,
ಸೊಗಡು ಅಂತ ಬರೆದು ಹೊಡೆದೆ.
ಎರಡೂ ನನ್ನ ಕೈಯಲ್ಲೇ ಸವೆದು
ಹಳೇ ಐವತ್ತು ಪೈಸೆ ಆಗಿದ್ದವು,
ಬಸ್ಸಿನ ಕಂಡಕ್ಟರೂ ಮುಟ್ಟುವುದಿಲ್ಲ.

ಬರೆಯಬೇಕಿದ್ದದ್ದು ಇದು:
ಸೆಲ್ವಿಯ ದನಿಯಲ್ಲಿ ಚೂರು ತುಕ್ಕಿದೆ.
ಅಂಟಿಗೆ-ಪಂಟಿಗೆಯ ಹಾಡು ಅವಳ ಮನೆಯದಲ್ಲ.
ಅಜ್ಜ ಸೇಲಂ ಕಡೆಯಿಂದ ಕುಲುಮೆ ಕೆಲಸಕ್ಕೆ ಬಂದವ,
ಮನೆಮಾತು ತಮಿಳು. ಪಕ್ಕದ ಕ್ವಾರ್ಟರ್ಸಿನ ಹೂವಮ್ಮ
ಅಕ್ಕಿ ಆರಿಸುತ್ತ ಹೇಳಿಕೊಳ್ಳುತ್ತಿದ್ದದ್ದನ್ನು
ಗೋಡೆಯಾಚೆಯಿಂದ ಕೇಳಿ ಕೇಳಿ ಕಲಿತದ್ದು.
ಹಾಗಾಗಿ 'ದೀಪ' ಅನ್ನುವಾಗ
ಬೇರೆಯವರ ದೀಪ ತನ್ನ ಕೈಲಿ ಆರಬಾರದು ಅಂತ
ಅಂಗೈ ಅಡ್ಡ ಇಟ್ಟ ಹಾಗೆ ಅನ್ನುತ್ತಾಳೆ.

ಇಮ್ತಿಯಾಜನ ಬ್ಯಾಂಜೋ ಉರುಸಿಗೆ ಬಂದ ಕವ್ವಾಲಿಯವರು
ಸಾಲಕ್ಕೆ ಬಿಟ್ಟುಹೋದದ್ದು. ಟೈಪ್‌ರೈಟರಿನಂಥ ಗುಂಡಿಗಳು.
ತಾಲ್ಲೂಕು ಕಚೇರಿಯೆದುರು ಅರ್ಜಿ ಹೊಡೆಯುವವನ ಹಾಗೆ
ಮಾನ್ಯರೇ, ಅಂತ ವಿನಯದಿಂದ ಶುರುಮಾಡಿ
ಮೂರನೇ ಸಾಲಿಗೆ ಅರ್ಜಿ ಹರಿದೆಸೆಯುತ್ತಾನೆ.
ಚೌಡಿಕೆಯ ದ್ಯಾವಪ್ಪ ತಾಳ ತಪ್ಪುವುದಿಲ್ಲ,
ಕೂದಲೆಳೆ ತಡವಾಗಿ ಬರುತ್ತಾನೆ ಅಷ್ಟೇ,
ರಾತ್ರಿ ಶಿಫ್ಟು ಮುಗಿಸಿದವನು ಹತ್ತದೆ
ಸೈಕಲ್ ತಳ್ಳಿಕೊಂಡೇ ಮನೆಗೆ ಬಂದ ಹಾಗೆ.
ಕೇಳಲು ಇದ್ದವರು ನಲವತ್ಮೂರು ಜನ, ಒಂದು ನಾಯಿ.
ನಾಯಿ ಕೊನೆತನಕ ಇತ್ತು.

ಇದೆಲ್ಲ ಹೋಯಿತು. ಉಳಿದದ್ದರಲ್ಲಿ ಒಂದು ಸಾಲಿನ ಮೇಲೆ
ನನಗೆ ಗುಟ್ಟಿನ ಹೆಮ್ಮೆ:
"ಐದನೇ ಹಾಡಿನ ನಡುವೆ ತಂಡ ಧೈರ್ಯವಾಗಿ ಸುಮ್ಮನಾಗುತ್ತದೆ;
ಆ ಮೌನವೇ ಹಾಡಿನ ಅತಿ ಎತ್ತರದ ಸ್ವರ."

ಬುಧವಾರ ಫೋನು. ಸೆಲ್ವಿ.
ಥ್ಯಾಂಕ್ಸ್ ಅನ್ನಲಿಲ್ಲ. ನಕ್ಕಳು, ನಕ್ಕು ನಕ್ಕು ಕೆಮ್ಮಿದಳು.
"ತಂತಿ ಹರೀತು ರೀ ಅದು!
ಇಮ್ತಿಯಾಜ್ ಜೇಬಲ್ಲಿ ಇನ್ನೊಂದು ಹುಡುಕ್ತಿದ್ದ,
ನಾವು ಬೆವತು ನಿಂತಿದ್ವಿ."
ಆಮೇಲೆ ಸ್ವಲ್ಪ ತಡೆದು,
"ಕತ್ತರಿಸಿ ಬ್ಯಾಂಜೋ ಪೆಟ್ಟಿಗೆ ಒಳಗೆ ಅಂಟಿಸಿದೀವಿ.
ದ್ಯಾವಪ್ಪಂಗೆ ಓದಿ ಹೇಳಿದ್ವಿ. ಎರಡು ಸಲ."

ಮುಂದಿನ ತಿಂಗಳು ಸಾಗರ, ಹಂಚಿನ ಕಾರ್ಖಾನೆಯ ಅಂಗಳ.
ದುಡ್ಡು ಕೊಟ್ಟೇ ಟಿಕೆಟ್ ತಗೊಂಡೆ, ಹಿಂದೆ ಕೂತೆ.
ಐದನೇ ಹಾಡು. ಅದೇ ಸಾಲು. ಸುಮ್ಮನಾದರು.
ತಂತಿ ಗಟ್ಟಿಯಾಗೇ ಇತ್ತು.
ಇಮ್ತಿಯಾಜನ ತುಟಿ ಅಲುಗುತ್ತಿತ್ತು: ಒಂದು, ಎರಡು, ಮೂರು.
ನನ್ನ ವಾಕ್ಯವನ್ನು ನುಡಿಸುತ್ತಿದ್ದರು.
ಎದ್ದು ಓಡಿಬಿಡೋಣ ಅನ್ನಿಸಿತು.
ಹೊಗಳಿಕೆಯೂ ಒಂದು ಮೊಳೆ. ಎಲ್ಲೋ ಕಣ್ಣುಮುಚ್ಚಿ ಹೊಡೆದಿರುತ್ತೇವೆ,
ಜನ ನಂಬಿ ಅದಕ್ಕೇ ಅಂಗಿ ನೇತುಹಾಕುತ್ತಾರೆ.

ಅಷ್ಟರಲ್ಲಿ ಮುಂದಿನ ಸಾಲಿನ ಮಗುವೊಂದು
ಬಾಯಿಂದ ಬನ್ನು ತೆಗೆದು ಜೋರಾಗಿ ಕೇಳಿತು:
"ಮುಗೀತಾ?"
ಸೆಲ್ವಿಗೆ ನಗು ಬಂತು. ನಗುವ ಬಾಯಲ್ಲೇ
ಎಣಿಕೆ ಮುಗಿಯುವ ಮುಂಚೆ, ಅರ್ಧ ಸ್ವರ ಕೆಳಗೆ
ಹಾಡು ಎತ್ತಿಕೊಂಡಳು. ಬ್ಯಾಂಜೋ ಎಡವಿತು.
ದ್ಯಾವಪ್ಪ, ಜೀವಮಾನದಲ್ಲಿ ಮೊದಲ ಸಲ,
ಓಡೋಡಿ ಬಂದು ಸೇರಿಕೊಂಡ.

ಇದನ್ನು ಬರೆಯುವುದಿಲ್ಲ.
ಷಡಕ್ಷರಿ ಕೇಳಿದರೆ
ಜ್ವರ ಇತ್ತು, ಹೋಗಲಿಲ್ಲ ಅನ್ನುತ್ತೇನೆ.